ಕಡಲಿನ ಸಮರೇಖೆಗಳು: ಅಳತೆ ಮತ್ತು ಊಹೆ

ಹೈದರಾಬಾದು ಕಡಲನ್ನು ಕಾಣದ ಊರು. ಆದರೂ 1999ರಲ್ಲಿ ಇಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನು ದೊರೆಯಬಹುದಾದ ವಲಯಗಳನ್ನು ಕರಾವಳಿಯ ಮೀನುಗಾರರಿಗೆ ಸೂಚಿಸುತ್ತದೆ. ಉಪಗ್ರಹಗಳು ಅಳೆದ ನೀರಿನ ಉಷ್ಣತೆ ಹಾಗೂ ಪತ್ರಹರಿತ್ತಿನ ಪ್ರಮಾಣಗಳೇ ಈ ಸೂಚನೆಗೆ ಆಧಾರ. ಇಂಥ ಅಂಕೆಗಳನ್ನು ಕಣ್ಣಿಗೆ ಕಾಣಿಸುವ ಉಪಾಯಗಳಲ್ಲಿ ಸಮರೇಖಾಚಿತ್ರವು ಮುಖ್ಯವಾದುದು. ಅದರಲ್ಲಿ ಅಳತೆ ಎಷ್ಟು, ಊಹೆ ಎಷ್ಟು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಒಂದೇ ಮೌಲ್ಯವುಳ್ಳ ಸ್ಥಾನಗಳನ್ನು ಕೂಡಿಸುವ ಗೆರೆಯೇ ಸಮರೇಖೆ. ಎಡ್ಮಂಡ್ ಹ್ಯಾಲಿಯು 1701ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ದಿಕ್ಸೂಚಿಯು ವಾಲುವ ಪ್ರಮಾಣವನ್ನು ಇಂಥ ಗೆರೆಗಳಿಂದ ತೋರಿಸಿದನು. 1817ರಲ್ಲಿ ಹಂಬೋಲ್ಟನು ಸಮೋಷ್ಣರೇಖೆಗಳನ್ನೆಳೆದನು. ಅವರು ಕೈಯಿಂದ ಮಾಡಿದುದನ್ನು ಇಂದು ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿರುವ ‘ಕಾಂಟೂರ್’ ಎಂಬ ಫಂಕ್ಷನ್ ಕ್ಷಣಮಾತ್ರದಲ್ಲಿ ಮಾಡುತ್ತದೆ. ರೇಖಾಂಶ, ಅಕ್ಷಾಂಶ, ಚೌಕಜಾಲದ ಉಷ್ಣತೆಗಳು, ಬೇಕಾದ ಮಟ್ಟಗಳು, ಇಷ್ಟನ್ನು ಅದಕ್ಕೆ ಒಪ್ಪಿಸಿದರೆ ಸಾಕು. ನೆರೆಯ ಎರಡು ಬಿಂದುಗಳಲ್ಲಿ 28.4 ಮತ್ತು 27.6 ಡಿಗ್ರಿಗಳಿದ್ದರೆ 28ರ ಗೆರೆ ಅವುಗಳ ನಟ್ಟನಡುವೆ ಹಾಯುತ್ತದೆ. ಆ ನಡುವಣ ಸ್ಥಾನವನ್ನು ಯಾರೂ ಅಳೆದಿಲ್ಲ. ಉಷ್ಣತೆಯು ಸಮವಾಗಿ ಇಳಿಯುತ್ತದೆಂಬ ಊಹೆಯೇ ಗೆರೆಗೆ ಆಧಾರ.

ಗೆರೆಗಳು ಒತ್ತಾದೆಡೆ ತಣ್ಣೀರೂ ಬೆಚ್ಚನೆಯ ನೀರೂ ಸಂಧಿಸುತ್ತವೆ. ಅಲ್ಲಿ ಮೀನಿನ ಆಹಾರವು ಶೇಖರವಾಗುವ ಸಂಭವ ಹೆಚ್ಚು. ಅಪಾಯವಿರುವುದೂ ಇಲ್ಲಿಯೇ. ನೈಋತ್ಯ ಮಾರುತದ ಕಾಲದಲ್ಲಿ ಮಂಗಳೂರಿನ ಎದುರು ಆಳದ ತಣ್ಣೀರು ಮೇಲೇಳುತ್ತದೆ. ಅದೇ ಕಾಲದಲ್ಲಿ ಮೋಡ ಕವಿದು, ಅವಕೆಂಪು ಕಿರಣಗಳಿಂದ ನೋಡುವ ಉಪಗ್ರಹಕ್ಕೆ ಕಡಲೇ ಕಾಣದಾಗುತ್ತದೆ. ಆಗಸ್ಟಿನಲ್ಲಿ ಯಾಂತ್ರಿಕ ದೋಣಿಗಳು ಮರಳಿ ಕಡಲಿಗಿಳಿಯುವಾಗಲೂ ಈ ತೊಡಕು ತಪ್ಪಿದ್ದಲ್ಲ. ಅಳತೆಯಿಲ್ಲದ ಸ್ಥಾನದಲ್ಲಿ ಗುರುತಿಗಾಗಿ -999ರಂಥ ಅಂಕೆಯನ್ನು ತುಂಬುವ ರೂಢಿಯುಂಟು. ಅದನ್ನು ಹಾಗೆಯೇ ಒಪ್ಪಿಸಿದರೆ ಫಂಕ್ಷನ್ ಅದನ್ನೂ ಉಷ್ಣತೆಯೆಂದೇ ಬಗೆದು, ಮೋಡದ ಅಂಚಿನುದ್ದಕ್ಕೂ ಗೆರೆಗಳ ಕಂತೆಯನ್ನೆಳೆಯುತ್ತದೆ. ಅದನ್ನು ನಂಬಿ ದೋಣಿ ಹೊರಟರೆ ಡೀಸೆಲ್ ಖರ್ಚಾಗುತ್ತದೆ, ಬಲೆ ಬರಿದಾಗಿ ಬರುತ್ತದೆ.

ಲೆಕ್ಕದ ಪುಸ್ತಕದಲ್ಲಿ ಖಾಲಿ ಬಿಟ್ಟ ಸಾಲೂ ಸೊನ್ನೆ ಬರೆದ ಸಾಲೂ ಒಂದೇ ಅಲ್ಲವೆಂಬುದನ್ನು ಬ್ಯಾಂಕಿನ ಕೆಲಸದಲ್ಲಿರುವವರು ಬಲ್ಲರು. ನಕ್ಷೆಗೂ ಅದೇ ನ್ಯಾಯ. ಅಳತೆಯಿಲ್ಲದ ಚೌಕಗಳನ್ನೂ ನೆಲಭಾಗವನ್ನೂ ಮೊದಲೇ ಮರೆಮಾಡಿದರೆ ಫಂಕ್ಷನ್ ಅಲ್ಲಿ ಗೆರೆಯೆಳೆಯದೆ ಬಿಡುತ್ತದೆ. ಹಾಗೆ ಮಾಡದೆ ಅಂಕೆಗಳನ್ನು ಊಹೆಯಿಂದ ತುಂಬಿದರೆ, ಅರಬ್ಬೀ ಸಮುದ್ರದ ಗೆರೆಯು ದಖ್ಖನ್ನಿನ ಮೇಲೆ ಹಾದು ಬಂಗಾಳಕೊಲ್ಲಿಯನ್ನು ಸೇರೀತು! ಗೆರೆಗಳೊಡನೆ ಅಳತೆಯ ಬಿಂದುಗಳನ್ನೂ ಗುರುತಿಸಿಟ್ಟರೆ, ಯಾವ ಗೆರೆಯನ್ನು ಎಷ್ಟು ನಂಬಬಹುದೆಂಬುದನ್ನು ನೋಡುವವರು ತಾವೇ ತೂಗಿ ನೋಡಬಲ್ಲರು.