ನೋವು ನಿವಾರಕ ಮಾತ್ರೆಗಳು ಹಾಗೂ ನರಗಳ ಅಯಾನು ನಾಳಗಳು: ಸಾರ್ವಜನಿಕರಿಗೆ ಮಾಹಿತಿ

ಮೆಣಸಿನಕಾಯಿ ಬಿಡಿಸಿದ ಕೈ ಉರಿಯುವುದು ಹುಬ್ಬಳ್ಳಿ-ಧಾರವಾಡದ ಮನೆಮನೆಯ ಅನುಭವ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್, ನೋವಿನ ನರತುದಿಗಳಲ್ಲಿರುವ ಟಿ.ಆರ್.ಪಿ.ವಿ.-1 ಎಂಬ ಅಯಾನು ನಾಳವನ್ನು ತೆರೆಯುವುದೇ ಇದಕ್ಕೆ ಕಾರಣ. ಈ ಸೂಕ್ಷ್ಮ ದ್ವಾರದ ಮೂಲಕ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿದಾಗ ನೋವಿನ ಸಂಕೇತವು ಮಿದುಳಿನತ್ತ ಸಾಗುತ್ತದೆ. ಇದನ್ನು 1997ರಲ್ಲಿ ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಗೆ ಸಹಭಾಗಿಗಳಾದರು.

ಪೆಟ್ಟು ಬಿದ್ದು ಉರಿಯೂತ ಉಂಟಾದಾಗ ಉತ್ಪತ್ತಿಯಾಗುವ ಪ್ರೋಸ್ಟಾಗ್ಲಾಂಡಿನ್‌ಗಳು, ಈ ನಾಳಗಳು ಅಲ್ಪ ಪ್ರಚೋದನೆಗೂ ತೆರೆಯುವಂತೆ ಮಾಡುತ್ತವೆ. ಆಸ್ಪಿರಿನ್ ಸದರಿ ಉತ್ಪತ್ತಿಯನ್ನು ತಡೆಯುತ್ತದೆಂದು ಜಾನ್ ವೇನ್ ಅವರು 1971ರಲ್ಲಿ ತೋರಿಸಿದರು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳ ಕಾರ್ಯವಿಧಾನವೂ ಮುಖ್ಯವಾಗಿ ಇದೇ ಆಗಿದೆ. ಇವೆರಡೂ ಆಮ್ಲಕ್ಕೆ ಸ್ಪಂದಿಸುವ ಕೆಲವು ಅಯಾನು ನಾಳಗಳನ್ನು ನೇರವಾಗಿಯೂ ತಡೆಯುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಆದರೆ ಜಠರದ ಒಳಪದರವನ್ನೂ ಮೂತ್ರಪಿಂಡದ ರಕ್ತಸಂಚಾರವನ್ನೂ ಕಾಪಾಡುವುದು ಇದೇ ಪ್ರೋಸ್ಟಾಗ್ಲಾಂಡಿನ್‌ಗಳು. ನೋವು ಅಡಗಿದ ಮಾತ್ರಕ್ಕೆ ರೋಗ ವಾಸಿಯಾಗಿರುವುದಿಲ್ಲ. ಆದುದರಿಂದ ಈ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ದಿನಗಟ್ಟಲೆ ಸೇವಿಸಬಾರದು. ಕಪ್ಪು ಮಲ, ರಕ್ತವಾಂತಿ ಅಥವಾ ಮೂತ್ರದ ಪ್ರಮಾಣದಲ್ಲಿ ಇಳಿಕೆ ಕಂಡುಬಂದಲ್ಲಿ ಮಾತ್ರೆಯನ್ನು ನಿಲ್ಲಿಸಿ, ಕೂಡಲೇ ಸಮೀಪದ ಆಸ್ಪತ್ರೆಗೆ ತೆರಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.