ಹಳೇ ಲ್ಯಾಪ್‌ಟಾಪ್‌ಗೆ ವೈಫೈ ಸಿಗ್ತಿಲ್ವಾ? ಮೊದಲು ಇಷ್ಟು ನೋಡ್ರಿ

ಅರ್ಜಿಗೆ ನಾಳೆ ಕೊನೇ ದಿನ, ಇವತ್ತೇ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರ್ತಿಲ್ಲ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಅದನ್ನ ಹೊತ್ಕೊಂಡು ರಾಯಚೂರಿನ ಬಸ್ ಹತ್ತೋ ಮುಂಚೆ ಹತ್ತು ನಿಮಿಷ ಕೊಡ್ರಿ. ಎಷ್ಟೋ ಸಲ ನೆಟ್‌ವರ್ಕ್ ಕಾರ್ಡ್ ಕೆಟ್ಟಿರೋದೇ ಇಲ್ಲ.

ಬೇರೆಯವರ ವೈಫೈ ಹೆಸರು ಕಾಣ್ತಾವ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಮಾತ್ರ ಕಾಣಲ್ಲ ಅಂದ್ರೆ, ಫೋನ್ ಸೆಟ್ಟಿಂಗ್ ನೋಡ್ರಿ. ಹಳೇ ಕಾರ್ಡ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಹಿಡೀತಾವ. ಹೊಸ ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಹಾಟ್‌ಸ್ಪಾಟ್ ಬಿಟ್ಟಿರಬಹುದು. ಬ್ಯಾಂಡ್ 2.4ಕ್ಕೆ ಬದಲಿಸ್ರಿ.

ಯಾವ ಹೆಸರೂ ಕಾಣಲ್ವಾ? ಏರೋಪ್ಲೇನ್ ಮೋಡ್ ತೆಗೀರಿ. ಕೆಲವು ಹಳೇ ಮಾಡೆಲ್‌ಗಳ ಅಂಚಿನಲ್ಲಿ ವೈಫೈಗೇ ಒಂದು ಸಣ್ಣ ಸ್ವಿಚ್ ಇರುತ್ತೆ, ಅದನ್ನೂ ನೋಡ್ರಿ.

ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ವೈಫೈ ಹೋಗಿದ್ರೆ, ಹೆಚ್ಚಾಗಿ ಡ್ರೈವರ್ ಇಲ್ಲ ಅಂತ ಅರ್ಥ. ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು! ದಾರಿ ಏನಂದ್ರೆ, ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ. ಬರೀ ಚಾರ್ಜಿಂಗ್ ಕೇಬಲ್ ಆದ್ರೆ ನಡೆಯಲ್ಲ.

ನೆಟ್ ಬಂದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿರೋ ಸಾಲಿನ ಹಾರ್ಡ್‌ವೇರ್ ಐಡಿ ತೆಗೀರಿ. ಅದರಲ್ಲಿ 'ವೆನ್' ಆದ ಮೇಲೆ 8086 ಇದ್ರೆ ಇಂಟೆಲ್, 14ಇ4 ಇದ್ರೆ ಬ್ರಾಡ್‌ಕಾಮ್, 10ಇಸಿ ಇದ್ರೆ ರಿಯಲ್‌ಟೆಕ್. ಆಮೇಲೆ ನಿಮ್ಮ ಲ್ಯಾಪ್‌ಟಾಪ್ ಕಂಪನಿ ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ, ಅದೇ ಕಾರ್ಡಿನ ಡ್ರೈವರ್ ಇಳಿಸ್ರಿ.

ಆದ್ರೆ ಅರ್ಜಿ ಅರ್ಜೆಂಟ್ ಇದ್ರೆ ಮೊದಲು ಆ ಕೇಬಲ್ ಮೇಲೇ ಕಳಿಸಿಬಿಡ್ರಿ. ಡ್ರೈವರ್ ನಾಳೆ ನೋಡಿದ್ರೂ ನಡೀತದ.