ಅರೆತಲೆನೋವನ್ನು ಮೊದಲೇ ತಡೆಯುವ ಚುಚ್ಚುಮದ್ದು

ಬೆಂಗಳೂರು ನಗರ ಹಾಗೂ ಅದರ ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಶೋಧಕರು 2009–10ರಲ್ಲಿ 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ ನಡೆಸಿದ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ನೂರಕ್ಕೆ ಸುಮಾರು 25 ವಯಸ್ಕರನ್ನು ಮೈಗ್ರೇನ್, ಅಂದರೆ ಅರೆತಲೆನೋವು, ಕಾಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿಯೂ, ಪಟ್ಟಣಿಗರಿಗಿಂತ ಹಳ್ಳಿಯವರಲ್ಲಿಯೂ ಅದು ಹೆಚ್ಚು. ಆದ್ದರಿಂದ, ರೋಗಿಯು ಮನೆಯಲ್ಲಿ ತಾನೇ ಚುಚ್ಚಿಕೊಳ್ಳಬಹುದಾದ ಹೊಸ ತಡೆಮದ್ದುಗಳ ವಿಚಾರವು ನಂಜನಗೂಡು ತಾಲ್ಲೂಕಿನ ಹೆಡತಲೆಯಂತಹ ಊರುಗಳಿಗೂ ಮಹಾನಗರಗಳಷ್ಟೇ ಸಂಬಂಧಿಸಿದ್ದು.

ಚಿಕಿತ್ಸೆ ಪಡೆಯದಿದ್ದರೆ 4ರಿಂದ 72 ಗಂಟೆ ಕಾಲ ಉಳಿಯುವ, ಬಹುಮಟ್ಟಿಗೆ ತಲೆಯ ಒಂದೇ ಪಕ್ಕದಲ್ಲಿ ನಾಡಿಯಂತೆ ಮಿಡಿಯುವ, ವಾಕರಿಕೆಯನ್ನೂ ಬೆಳಕು–ಸದ್ದುಗಳ ಅಸಹನೆಯನ್ನೂ ಜೊತೆಗೆ ತರುವ ನೋವು ಮೈಗ್ರೇನಿನ ಲಕ್ಷಣ. ಉಪವಾಸ, ನಿದ್ದೆಗೆಡುವುದು, ಸುಡುಬಿಸಿಲು, ಮುಟ್ಟಿನ ದಿನಗಳು ಹಲವರಲ್ಲಿ ಅದನ್ನು ಕೆರಳಿಸುತ್ತವೆ. ಇದಕ್ಕೆ ಕೊಡುವ ಔಷಧಗಳು ಎರಡು ಬಗೆಯವು: ನೋವು ಬಂದಾಗ ಅದನ್ನು ಇಳಿಸುವಂಥವು ಮತ್ತು ನೋವು ಬರುವ ದಿನಗಳನ್ನೇ ಕಡಿಮೆ ಮಾಡುವಂಥವು. ಈ ಭೇದವನ್ನು ತಿಳಿಯದೆ ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನವೋ ಅದಕ್ಕೂ ಹೆಚ್ಚೋ ನುಂಗುತ್ತ ಹೋದರೆ ಮಾತ್ರೆಯ ಅತಿಬಳಕೆಯೇ ತಲೆನೋವಿಗೆ ಕಾರಣವಾಗುತ್ತದೆ. ಹಲವು ಔಷಧ ಬೆರೆಸಿದ ಮಾತ್ರೆಗಳ ವಿಷಯದಲ್ಲಿ 10 ದಿನಗಳ ಬಳಕೆಯೂ ಅಷ್ಟೇ ಅಪಾಯಕಾರಿ.

ಬಹುಕಾಲ ತಡೆಮದ್ದಾಗಿ ಬಳಕೆಯಲ್ಲಿದ್ದವು ಬೇರೆ ಕಾಯಿಲೆಗಳಿಂದ ಎರವಲು ಬಂದ ಮಾತ್ರೆಗಳು: ಹೃದಯರೋಗಕ್ಕೆಂದು ರೂಪುಗೊಂಡ ಪ್ರೊಪ್ರನೊಲಾಲ್, ಖಿನ್ನತೆಯ ಅಮಿಟ್ರಿಪ್ಟಿಲಿನ್, ಅಪಸ್ಮಾರದ ಟೊಪಿರಮೇಟ್ ಇತ್ಯಾದಿ. ಹೊಸ ಚುಚ್ಚುಮದ್ದುಗಳಾದರೋ ಮೈಗ್ರೇನಿಗೆಂದೇ ಹುಡುಕಿ ಕಂಡುಕೊಂಡವು. ಮುಖ ಹಾಗೂ ತಲೆಯ ಸಂವೇದನೆಯನ್ನು ಮೆದುಳಿಗೆ ಒಯ್ಯುವ ಟ್ರೈಜೆಮಿನಲ್ ನರವು ಸಿಜಿಆರ್‌ಪಿ ಎಂಬ ಪೆಪ್ಟೈಡನ್ನು, ಎಂದರೆ 37 ಅಮೈನೋ ಆಮ್ಲಗಳ ಕಿರುಸರಪಳಿಯೊಂದನ್ನು, ಸ್ರವಿಸುತ್ತದೆ. ಅದು ರಕ್ತನಾಳಗಳನ್ನು ಹಿಗ್ಗಿಸಿ ನೋವಿನ ಸಂದೇಶವನ್ನು ತೀವ್ರಗೊಳಿಸುತ್ತದೆ. ನೋವು ಬಂದಿರುವಾಗ ರಕ್ತದಲ್ಲಿ ಈ ವಸ್ತು ಹೆಚ್ಚಿರುತ್ತದೆಂದು ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್‌ಸನ್ 1990ರಲ್ಲಿ ತೋರಿಸಿದರು. ಈ ಕ್ಷೇತ್ರದ ದುಡಿಮೆಗಾಗಿ ಅವರೂ ಮತ್ತಿಬ್ಬರು ವಿಜ್ಞಾನಿಗಳೂ 2021ರಲ್ಲಿ ಬ್ರೇನ್ ಪ್ರಶಸ್ತಿಯನ್ನು ಹಂಚಿಕೊಂಡರು. ಆ ಪೆಪ್ಟೈಡನ್ನು ಹಿಡಿದಿಡುವ ಪ್ರತಿಕಾಯಗಳಾದ ಫ್ರೆಮನೆಜುಮ್ಯಾಬ್, ಗಾಲ್ಕನೆಜುಮ್ಯಾಬ್‌ಗಳಿಗೂ, ಅದು ಬಂದು ಕೂರುವ ಗ್ರಾಹಕವನ್ನು ಮುಚ್ಚುವ ಎರೆನುಮ್ಯಾಬ್‌ಗೂ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪ್ರತಿಕಾಯವು ದೊಡ್ಡ ಪ್ರೋಟೀನ್ ಆದುದರಿಂದ ನುಂಗಿದರೆ ಜಠರದಲ್ಲಿ ಜೀರ್ಣವಾಗಿಬಿಡುತ್ತದೆ. ಚರ್ಮದಡಿಗೆ ಚುಚ್ಚಿದರೆ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ತಿಂಗಳಿಗೊಮ್ಮೆ, ಕೆಲವು ಪ್ರಮಾಣದಲ್ಲಿ ಮೂರು ತಿಂಗಳಿಗೊಮ್ಮೆ ತೆಗೆದುಕೊಂಡರೆ ಸಾಕು.

ಇವುಗಳಿಂದ ಎಷ್ಟು ಫಲವನ್ನು ನಿರೀಕ್ಷಿಸಬಹುದೆಂಬುದಕ್ಕೆ 2017ರಲ್ಲಿ ಪ್ರಕಟವಾದ ಎರೆನುಮ್ಯಾಬ್ ಪರೀಕ್ಷೆ ಒಂದು ಅಳತೆಯನ್ನು ಒದಗಿಸುತ್ತದೆ. ತಿಂಗಳಿಗೆ ಸರಾಸರಿ ಎಂಟು ದಿನ ಮೈಗ್ರೇನ್ ಅನುಭವಿಸುತ್ತಿದ್ದವರಲ್ಲಿ 140 ಮಿಲಿಗ್ರಾಂ ಪಡೆದವರಿಗೆ 3.7 ದಿನ ಕಡಿಮೆಯಾದರೆ, ಔಷಧವಿಲ್ಲದ ಹುಸಿಮದ್ದನ್ನು ಪಡೆದವರಿಗೆ 1.8 ದಿನ ಕಡಿಮೆಯಾಯಿತು. ನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿದವರ ಪ್ರಮಾಣ ಕ್ರಮವಾಗಿ ಶೇ. 50 ಮತ್ತು ಶೇ. 26.6. ಎಂದಮೇಲೆ ಇದು ಅನೇಕರಿಗೆ ದೊಡ್ಡ ಬಿಡುಗಡೆ, ಕೆಲವರಿಗೆ ನಿಷ್ಫಲ, ಯಾರಿಗೂ ಶಾಶ್ವತ ಪರಿಹಾರವಲ್ಲ. ಬೆಲೆಯು ಹಳೆಯ ಮಾತ್ರೆಗಳಿಗಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ, ಅಮೆರಿಕದ ತಲೆನೋವು ತಜ್ಞರ ಸಂಘವು 2024ರಲ್ಲಿ ಇವನ್ನು ಮೊದಲ ಸಾಲಿನ ಆಯ್ಕೆಗಳಲ್ಲಿ ಸೇರಿಸಿದ್ದರೂ, ಬ್ರಿಟನ್ನಿನ ಸರ್ಕಾರಿ ಆರೋಗ್ಯಸೇವೆಯಲ್ಲಿ ತಿಂಗಳಿಗೆ ನಾಲ್ಕಾದರೂ ನೋವಿನ ದಿನಗಳಿದ್ದು ಮೂರು ಬಗೆಯ ತಡೆಮಾತ್ರೆಗಳು ಫಲಿಸದವರಿಗೆ ಮಾತ್ರ ಇವನ್ನು ಕೊಡುವ ಕ್ರಮವಿದೆ.

ಇನ್‌ಸುಲಿನ್ ಪೆನ್ ಕಂಡಿರುವ ಕುಟುಂಬಗಳಿಗೆ ಚುಚ್ಚಿಕೊಳ್ಳುವ ವಿಧಾನ ಅಪರಿಚಿತವೆನಿಸದು. ಔಷಧವನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿರಿಸಿ, ಅಲುಗಾಡಿಸದೆ, ಬಿಸಿನೀರಿನಲ್ಲಿಡದೆ, ತೊಡೆಗೋ ಹೊಕ್ಕುಳಿನಿಂದ ಎರಡು ಅಂಗುಲ ಆಚೆಗೆ ಹೊಟ್ಟೆಗೋ ಚುಚ್ಚಬೇಕು. ಮೊದಲ ಸಲ ವೈದ್ಯರ ಅಥವಾ ನರ್ಸ್ ಅವರ ಎದುರಿನಲ್ಲಿ ಕಲಿಯುವುದು ಒಳ್ಳೆಯದು. ಬಳಸಿದ ಸಾಧನವನ್ನು ಸೂಜಿ ತೂರದ ಗಟ್ಟಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಮರಳಿಸಬೇಕು. ಹಳ್ಳಿಯಲ್ಲಿ ನಿಜವಾದ ತೊಡಕು ಶೇಖರಣೆಯದು: ಔಷಧವನ್ನು ಹೆಪ್ಪುಗಟ್ಟಿಸದೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೊರಗೆ ತೆಗೆದರೆ ಸಾಮಾನ್ಯವಾಗಿ ಏಳು ದಿನದೊಳಗೆ ಬಳಸಬೇಕು. ಆದರೆ ಆ ರಿಯಾಯಿತಿ ಔಷಧಕ್ಕೆ ತಕ್ಕಂತೆ 25 ಅಥವಾ 30 ಡಿಗ್ರಿಯವರೆಗೆ ಮಾತ್ರ ಅನ್ವಯಿಸುವುದರಿಂದ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೈಸೂರಿನಿಂದ ಬಸ್ಸಿನಲ್ಲಿ ತರುವಾಗ ತಂಪು ಪೆಟ್ಟಿಗೆ ಅಗತ್ಯ, ದೀರ್ಘವಾಗಿ ಕರೆಂಟು ಹೋಗುವ ಮನೆಯಲ್ಲಿ ಒಂದೊಂದೇ ಡೋಸನ್ನು ತರುವುದು ಕ್ಷೇಮ.

ಚುಚ್ಚಿದ ಜಾಗ ನೋಯುವುದು, ಕೆಂಪಾಗುವುದು ಸಾಮಾನ್ಯ ಅಡ್ಡಪರಿಣಾಮ. ಎರೆನುಮ್ಯಾಬ್ ಕೆಲವರಲ್ಲಿ ತೀವ್ರ ಮಲಬದ್ಧತೆಯನ್ನೂ ರಕ್ತದೊತ್ತಡದ ಏರಿಕೆಯನ್ನೂ ಉಂಟುಮಾಡುತ್ತದೆ. ಔಷಧವು ತಿಂಗಳುಗಟ್ಟಲೆ ದೇಹದಲ್ಲಿರುವುದರಿಂದ ಗರ್ಭಧಾರಣೆಯ ಯೋಚನೆಯಿರುವವರೂ, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ಒಳಗಾದವರೂ ವೈದ್ಯರಿಗೆ ಮೊದಲೇ ತಿಳಿಸಬೇಕು. ಹಠಾತ್ತನೆ ಸಿಡಿದಂತೆ ಬರುವ ನೋವು, ಕೈಕಾಲಿನ ಬಲಹೀನತೆ ಅಥವಾ ಜ್ವರದೊಡನೆ ಕತ್ತು ಬಿಗಿಯುವಿಕೆ ಕಂಡರೆ ಅದನ್ನು ಮೈಗ್ರೇನೆಂದು ಭಾವಿಸಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಚುಚ್ಚುಮದ್ದು ಬೇಕೇ ಎಂಬುದನ್ನೂ, ಮೂರು ತಿಂಗಳ ಬಳಿಕ ಅದನ್ನು ಮುಂದುವರಿಸಬೇಕೇ ಎಂಬುದನ್ನೂ ತೀರ್ಮಾನಿಸುವುದು ನೋವಿನ ದಿನಗಳ ಲೆಕ್ಕವೇ. ನೋವು ಬಂದ ದಿನ, ನುಂಗಿದ ಮಾತ್ರೆ, ತಪ್ಪಿದ ಕೆಲಸ ಇವಿಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುತ್ತ ಬಂದ ರೋಗಿಯೊಡನೆ ವೈದ್ಯರು ಅಂದಾಜಿಲ್ಲದೆ ಮಾತನಾಡಬಲ್ಲರು. ಅನೇಕರಿಗೆ ಆ ಲೆಕ್ಕವೇ ನೋವಿನ ಮಾತ್ರೆಯ ಅತಿಬಳಕೆಯನ್ನು ತೋರಿಸಿಕೊಟ್ಟು, ದುಬಾರಿ ಮದ್ದಿಗೆ ಮೊದಲು ಅಗ್ಗದ ತಡೆಮಾತ್ರೆಯೊಂದನ್ನು ಕ್ರಮವಾಗಿ ಪರೀಕ್ಷಿಸಿ ನೋಡುವ ದಾರಿಯನ್ನು ತೆರೆಯುತ್ತದೆ.